ಅಂಬಾಸಿಡರ್, ಫಿಯಟ್, ಹೆರಾಲ್ಡ್: ಕುಟುಂಬದ ಕಾರನ್ನು ಅಳೆದ ಬಗೆ

ಅಂಬಾಸಿಡರ್ ಒಳ್ಳೆಯದೋ ಫಿಯಟ್ ಒಳ್ಳೆಯದೋ ಎಂಬ ಪ್ರಶ್ನೆ ಇಂದು ನಿಮಗೆ ವಿಚಿತ್ರವಾಗಿ ಕಾಣಬಹುದು. ಈ ಎರಡು ಕಾರುಗಳನ್ನೂ ನಿಮ್ಮಲ್ಲಿ ಅನೇಕರು ಹಳೆಯ ಚಲನಚಿತ್ರಗಳಲ್ಲಿ ಮಾತ್ರ ನೋಡಿರುತ್ತೀರಿ. ಆದರೆ 1960 ಮತ್ತು 70ರ ದಶಕಗಳಲ್ಲಿ ವಕೀಲರ ಕಚೇರಿಯಲ್ಲಿ, ವೈದ್ಯರ ಮನೆಯ ಜಗಲಿಯಲ್ಲಿ, ಮಲೆನಾಡಿನ ಕಾಫಿ ತೋಟಗಾರರ ಕ್ಲಬ್ಬಿನಲ್ಲಿ ಗಂಟೆಗಟ್ಟಲೆ ನಡೆಯುತ್ತಿದ್ದ ವಾದ ಇದು. ಕಾರು ಕೊಳ್ಳುವ ಶಕ್ತಿಯಿದ್ದವರು ಬಹಳ ಕಡಿಮೆ. ಆದರೆ ವಾದ ಮಾಡಲು ಕಾರು ಇರಲೇಬೇಕೆಂಬ ನಿಯಮವೇನೂ ಇರಲಿಲ್ಲ. ಮದರಾಸಿನ ಕಡೆಯವರು ಯಾರಾದರೂ ಇದ್ದರೆ ‘ಹೆರಾಲ್ಡನ್ನು ಮರೆತಿರಾ?’ ಎಂದು ನಡುವೆ ಬಾಯಿ ಹಾಕುತ್ತಿದ್ದರು.

ವಾದವೆಲ್ಲ ನಡೆಯುತ್ತಿದ್ದುದು ಮೂರು ಮಾತುಗಳ ಸುತ್ತ. ನಡುದಾರಿಯಲ್ಲಿ ಕೈಕೊಡುವುದಿಲ್ಲ ತಾನೆ? ಪೆಟ್ರೋಲ್ ಎಷ್ಟು ಕುಡಿಯುತ್ತದೆ? ಓಡಿಸಲು ಹಿತವಾಗಿದೆಯೇ? ಇಂದಿಗೂ ಜನ ಮನೆಗೊಂದು ಕಾರು ಕೊಳ್ಳುವಾಗ ಹೋಲಿಸುವುದು ಈ ಮೂರು ಅಳತೆಗೋಲುಗಳಿಂದಲೇ. ಅಳತೆಗೋಲುಗಳ ಹೆಸರು ಬದಲಾಗಿಲ್ಲ. ಅರ್ಥ ಮಾತ್ರ ಬಹಳ ಬದಲಾಗಿದೆ. ‘ನಂಬಿಕೆಯ ಕಾರು’ ಎಂದು 1965ರಲ್ಲಿ ಒಬ್ಬ ವೈದ್ಯರು ಹೇಳಿದ್ದರೆ ಅವರ ಮನಸ್ಸಿನಲ್ಲಿದ್ದುದು ಒಂದು. ಅದೇ ಮಾತನ್ನು ಅವರ ಮೊಮ್ಮಗಳು 2005ರಲ್ಲಿ ಹೇಳಿದ್ದರೆ ಅವಳ ಮನಸ್ಸಿನಲ್ಲಿದ್ದುದು ಇನ್ನೊಂದು. ಈ ಬದಲಾವಣೆ ಹೇಗಾಯಿತು, ಅದಕ್ಕೆ ಯಾರು ಏನು ತೆತ್ತರು ಎಂಬುದನ್ನು ಇಲ್ಲಿ ನೋಡೋಣ.

ಮೂರೇ ಕಾರು ಏಕೆ?

ಭಾರತದಲ್ಲಿ ಕಾರು ತಯಾರಿಸಬೇಕೆಂಬ ಯೋಚನೆ ಸ್ವಾತಂತ್ರ್ಯಕ್ಕಿಂತ ಹಳೆಯದು. ಅದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು ಮತ್ತು ಅಮೆರಿಕಗಳಿಗೆ ಹೋಗಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಮುಂಬಯಿಯಲ್ಲಿ ಅಂಥದೊಂದು ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದವೂ ಆಯಿತು. ಒಂದು ಹಂತದಲ್ಲಿ ಮೈಸೂರು ಸಂಸ್ಥಾನವೂ ಈ ಯೋಜನೆಯಲ್ಲಿ ಆಸಕ್ತಿ ವಹಿಸಿತ್ತು. ಆದರೆ ಯುದ್ಧದ ದಿನಗಳ ಬ್ರಿಟಿಷ್ ಸರ್ಕಾರ ಪ್ರೋತ್ಸಾಹ ಕೊಡಲಿಲ್ಲ. ವಾಲ್‌ಚಂದರು 1940ರಲ್ಲಿ ಬೆಂಗಳೂರಿಗೆ ತಂದದ್ದು ವಿಮಾನ ಕಾರ್ಖಾನೆಯನ್ನು. ಮೋಟಾರು ಕಂಪನಿ 1944ರಲ್ಲಿ, ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಿಂದ ಮುಂಬಯಿಯಲ್ಲೇ ಆರಂಭವಾಯಿತು. ಅದಕ್ಕೆ ಎರಡು ವರ್ಷ ಮೊದಲು, 1942ರಲ್ಲಿ, ಬಿರ್ಲಾ ಮನೆತನದ ಹಿಂದೂಸ್ಥಾನ್ ಮೋಟಾರ್ಸ್ ಗುಜರಾತಿನ ಓಖಾದಲ್ಲಿ ಹುಟ್ಟಿತ್ತು. ಮುಂದೆ ಅದು ಕಲ್ಕತ್ತದ ಬಳಿಯ ಉತ್ತರಪಾಡಾಕ್ಕೆ ಹೋಯಿತು.

ಆ ಕಾಲದಲ್ಲಿ ಜನರಲ್ ಮೋಟಾರ್ಸ್, ಫೋರ್ಡ್ ಮುಂತಾದ ಅಮೆರಿಕನ್ ಕಂಪನಿಗಳು ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಇಲ್ಲಿ ಜೋಡಿಸಿ ಮಾರುತ್ತಿದ್ದವು. ಜನರಲ್ ಮೋಟಾರ್ಸ್ ಮುಂಬಯಿಗೆ ಬಂದದ್ದು 1928ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ನೀತಿ ಬದಲಾಯಿತು. ಬಿಡಿಭಾಗಗಳನ್ನು ಈ ದೇಶದಲ್ಲೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಇರಬಹುದು, ಬರೀ ಜೋಡಿಸುವವರಿಗೆ ಅವಕಾಶವಿಲ್ಲ ಎಂದು 1953ರಲ್ಲಿ ಸುಂಕ ಆಯೋಗದ ವರದಿಯ ಮೇಲೆ ತೀರ್ಮಾನವಾಯಿತು. ಅಮೆರಿಕನ್ನರು ಅಂಗಡಿ ಮುಚ್ಚಿದರು. ಕಾರು ತಯಾರಿಸುವವರಾಗಿ ಉಳಿದವರು ಮುಖ್ಯವಾಗಿ ಮೂವರು: ಉತ್ತರಪಾಡಾದ ಹಿಂದೂಸ್ಥಾನ್, ಮುಂಬಯಿಯ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಹೊಸಬರು ಬರಬೇಕಾದರೆ ಪರವಾನಗಿ ಬೇಕು, ಹಳಬರು ಹೆಚ್ಚು ಕಾರು ಮಾಡಬೇಕಾದರೂ ಪರವಾನಗಿ ಬೇಕು. ವಿದೇಶಿ ವಿನಿಮಯದ ಅಭಾವದಿಂದ ಆಮದಿಗಂತೂ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು.

ಈ ನೀತಿಯನ್ನು ಈಗ ಕುಳಿತು ಬಯ್ಯುವುದು ಸುಲಭ. ಆದರೆ ಅದರಿಂದಲೇ ಬಿಡಿಭಾಗಗಳ ಒಂದು ದೊಡ್ಡ ಉದ್ಯಮ ದೇಶದಲ್ಲಿ ಬೆಳೆಯಿತು ಎಂಬುದನ್ನೂ ಮರೆಯಬಾರದು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಅಂಥವುಗಳಲ್ಲಿ ಒಂದು. ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಹುಟ್ಟಿದ ಈ ಕಂಪನಿಯ ಸ್ಪಾರ್ಕ್ ಪ್ಲಗ್ಗುಗಳು ದೇಶದ ಮೂಲೆಮೂಲೆಯ ಗ್ಯಾರೇಜುಗಳಲ್ಲಿ ಮನೆಮಾತಾಗಿದ್ದವು.

ಯಂತ್ರಗಳ ಪರಿಚಯ

ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರು. ಇಂಗ್ಲೆಂಡಿನಲ್ಲಿ ಅದು 1956ರಿಂದ ಮೂರು ನಾಲ್ಕು ವರ್ಷ ಬಾಳಿತು. ಇಲ್ಲಿ 1958ರ ಹೊತ್ತಿಗೆ ಅಂಬಾಸಿಡರ್ ಎಂಬ ಹೆಸರು ಪಡೆದು 2014ರವರೆಗೆ ಬಾಳಿತು. ತವರಿನಲ್ಲಿ ಅಲ್ಪಾಯುಷಿ, ಗಂಡನ ಮನೆಯಲ್ಲಿ ದೀರ್ಘ ಸುಮಂಗಲಿ ಎನ್ನಬಹುದು. ಅದರ ಹೆಸರಾಂತ ಎಂಜಿನ್ನಿನ ಗಾತ್ರ 1489 ಸಿ.ಸಿ.; ಶಕ್ತಿ ಸುಮಾರು 50 ಅಶ್ವಶಕ್ತಿ. ಉದ್ದ ನಾಲ್ಕೂಕಾಲು ಮೀಟರಿಗಿಂತ ತುಸು ಹೆಚ್ಚು, ತೂಕ ಒಂದು ಟನ್ನಿಗಿಂತ ಹೆಚ್ಚು. ಸೋಫಾದಂಥ ಅಖಂಡ ಆಸನಗಳು. ಐದು ಜನರಿಗೆಂದು ಮಾಡಿದ ಕಾರಿನಲ್ಲಿ ಎಂಟು ಜನ, ಮದುವೆ ಮನೆಗಾದರೆ ಹತ್ತು ಜನ.

ಫಿಯಟ್ ಇಟಲಿಯ ಟ್ಯೂರಿನ್ ನಗರದ ಕೂಸು. ಅಲ್ಲಿ 1953ರಲ್ಲಿ ಬಂದ ಫಿಯಟ್ 1100 ಕಾರನ್ನು ಪ್ರೀಮಿಯರ್ ಕಂಪನಿ ಮುಂಬಯಿಯ ಕುರ್ಲಾದಲ್ಲಿ ತಯಾರಿಸಿತು. 1964ರಲ್ಲಿ ‘ಡಿಲೈಟ್’ ಎಂಬ ರೂಪ ಬಂತು. ಫಿಯಟ್ ಹೆಸರು ಕೈಬಿಟ್ಟ ಮೇಲೆ ಕೆಲಕಾಲ ‘ಪ್ರೆಸಿಡೆಂಟ್’ ಆಗಿ, 1974ರಿಂದ ‘ಪ್ರೀಮಿಯರ್ ಪದ್ಮಿನಿ’ ಎನಿಸಿಕೊಂಡಿತು. ಹೆಸರು ಏನೇ ಇರಲಿ, ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ಫಿಯಟ್ಟೇ. ಎಂಜಿನ್ 1089 ಸಿ.ಸಿ., ಸುಮಾರು 40 ಅಶ್ವಶಕ್ತಿ, ತೂಕ 900 ಕಿಲೋ ಆಸುಪಾಸು. ಅಂಬಾಸಿಡರಿಗಿಂತ ಒಂದು ಮೊಳದಷ್ಟು ಗಿಡ್ಡ.

ಹೆರಾಲ್ಡ್ ಮೂವರಲ್ಲಿ ಕಿರಿಯದು, ಚೆಲುವೆಯೂ ಹೌದು. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು ರೂಪಿಸಿದವನು ಇಟಲಿಯ ವಿನ್ಯಾಸಕಾರ ಜೊವಾನಿ ಮಿಕೆಲೊಟ್ಟಿ. ಮದರಾಸಿನಲ್ಲಿ 1961ರಿಂದ ತಯಾರಾಯಿತು. ಮೊದಲು 948 ಸಿ.ಸಿ., ಆಮೇಲೆ 1147 ಸಿ.ಸಿ. ಎಂಜಿನ್. ಮೊದಲಿಗೆ ಎರಡೇ ಬಾಗಿಲು. ಕುಟುಂಬಗಳಿಗೆ ಅದು ಸಾಲದೆಂದು ಭಾರತದಲ್ಲಿ ನಾಲ್ಕು ಬಾಗಿಲಿನದನ್ನು ಮಾಡಿದರು. ಅದರ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮೊಸಳೆ ಬಾಯಂತೆ ಇಡಿಯಾಗಿ ಮುಂದಕ್ಕೆ ತೆರೆದುಕೊಳ್ಳುತ್ತಿತ್ತು. ಅದನ್ನು ನೋಡಲೆಂದೇ ಮಕ್ಕಳು ಸೇರುತ್ತಿದ್ದರು.

ನಂಬಿಕೆ ಎಂದರೆ ಏನು?

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂದು ನಂಬಿಕೆಯ ಕಾರು ಎಂದರೆ ಕೆಡದ ಕಾರು. ಅಂದು ಹಾಗಲ್ಲ. ಕೆಡದ ಕಾರು ಎಂಬುದೇ ಇರಲಿಲ್ಲ. ಕೆಡುವುದು ಕಾರಿನ ಸಹಜ ಧರ್ಮ ಎಂದೇ ಎಲ್ಲರೂ ತಿಳಿದಿದ್ದರು. ಪ್ರಶ್ನೆ ಇದ್ದದ್ದು ಕೆಟ್ಟ ಮೇಲೆ ಏನು ಎಂಬುದರಲ್ಲಿ.

ಬೇಸಿಗೆಯ ಮಧ್ಯಾಹ್ನ, ಶಿರಾಡಿ ಘಾಟಿಯ ಏರಿನಲ್ಲಿ ತುಂಬಿದ ಕಾರು ನಿಧಾನವಾಗಿ ಹತ್ತುತ್ತಿದೆ ಎಂದುಕೊಳ್ಳಿ. ಇದ್ದಕ್ಕಿದ್ದಂತೆ ಎಂಜಿನ್ ಕೆಮ್ಮಿ ನಿಂತುಬಿಡುತ್ತದೆ. ಚಾಲಕ ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ಟು ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಾನೆ. ಹತ್ತು ನಿಮಿಷದಲ್ಲಿ ಕಾರು ಮತ್ತೆ ಹೊರಡುತ್ತದೆ. ಮಕ್ಕಳಿಗೆ ಇದು ಮಾಟದಂತೆ ಕಾಣುತ್ತಿತ್ತು. ಮಾಟವೇನೂ ಇಲ್ಲ, ಭೌತಶಾಸ್ತ್ರ. ಆ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕಕ್ಕೇ ಅಂಟಿಕೊಂಡಿತ್ತು. ಅದು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರಬೇಕು. ಎಂಜಿನ್ ಅತಿಯಾಗಿ ಕಾದಾಗ ಪಂಪಿನಲ್ಲೂ ಕೊಳವೆಯಲ್ಲೂ ಪೆಟ್ರೋಲ್ ಆವಿಯಾಗುತ್ತದೆ. ಪಂಪು ದ್ರವವನ್ನು ಎಳೆಯಬಲ್ಲದೇ ಹೊರತು ಆವಿಯನ್ನಲ್ಲ. ತಣ್ಣೀರ ಬಟ್ಟೆ ಹಾಕಿದರೆ ಆವಿ ಮತ್ತೆ ದ್ರವವಾಗುತ್ತದೆ. ಇದಕ್ಕೆ ‘ವೇಪರ್ ಲಾಕ್’ ಎಂದು ಹೆಸರು. ಪಠ್ಯಪುಸ್ತಕ ಓದದ ಸಾವಿರಾರು ಚಾಲಕರಿಗೆ ಈ ಪಾಠ ಕರತಲಾಮಲಕವಾಗಿತ್ತು.

ಅಂಬಾಸಿಡರ್ ನಂಬಿಕೆಯ ಕಾರು ಎನಿಸಿಕೊಂಡದ್ದು ಈ ಅರ್ಥದಲ್ಲಿ. ಅದು ಕೆಡುತ್ತಿತ್ತು, ಧಾರಾಳವಾಗಿ ಕೆಡುತ್ತಿತ್ತು. ಮುಂದಿನ ಚಕ್ರಗಳ ಕಿಂಗ್ ಪಿನ್ನುಗಳಿಗೆ ಆಗಾಗ ಗ್ರೀಸ್ ಕಾಣಿಸಬೇಕು. ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಉಜ್ಜಿ ಅಂತರ ಸರಿಮಾಡಬೇಕು. ಕಾರ್ಬುರೇಟರನ್ನು ಬಿಚ್ಚಿ ತೊಳೆಯಬೇಕು. ಆದರೆ ಬಾನೆಟ್ಟು ಎತ್ತಿದರೆ ಎಂಜಿನ್ನಿನ ಎರಡೂ ಕಡೆ ಕೈಯಾಡಿಸುವಷ್ಟು ಜಾಗ. ನಾಲ್ಕು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಒಂದು ತುಂಡು ತಂತಿ ಇದ್ದರೆ ಅರ್ಧ ರೋಗಗಳಿಗೆ ಔಷಧ ಸಿಕ್ಕಂತೆ. ಬ್ಯಾಟರಿ ಸತ್ತರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬಹುದು. ಸಣ್ಣ ಊರಿನಲ್ಲೂ ಅದರ ಮರ್ಮ ಬಲ್ಲ ಒಬ್ಬ ಮೇಸ್ತ್ರಿ ಇರುತ್ತಿದ್ದ. ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ತರಿಸಿಕೊಳ್ಳಬಹುದು. ಹೊಸದು ದುಬಾರಿಯಾದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು. ಅಂದರೆ ಆ ನಂಬಿಕೆ ಕಾರಿನಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ಕಾರಿನ ಸುತ್ತ ಇದ್ದ ಜನರಲ್ಲಿ ಇತ್ತು.

ಫಿಯಟ್ಟಿನ ಎಂಜಿನ್ ಹೆಚ್ಚು ನಯವಾದದ್ದು, ಅದನ್ನು ಬಲ್ಲವರು ಪಟ್ಟಣಗಳಲ್ಲಿ ಬೇಕಾದಷ್ಟಿದ್ದರು. ಹಳ್ಳಿಯ ಕೊರಕಲು ರಸ್ತೆಗೆ ಮಾತ್ರ ಅಂಬಾಸಿಡರೇ ಮೇಲು ಎಂಬುದು ಸಾಮಾನ್ಯ ಅಭಿಪ್ರಾಯ. ಹೆರಾಲ್ಡಿನ ಕಥೆ ಬೇರೆ. ಅದರ ಹಿಂದಿನ ಎರಡು ಚಕ್ರಗಳೂ ಸ್ವತಂತ್ರವಾಗಿ ಮೇಲೆ ಕೆಳಗೆ ಆಡುವ ಏರ್ಪಾಟಿನವು. ಇಂಗ್ಲೆಂಡಿನ ನುಣುಪು ರಸ್ತೆಗೆ ಅದು ಹೊಂದಿತ್ತು. ಹೊರೆ ತುಂಬಿಕೊಂಡು ಗುಂಡಿಗಳಲ್ಲಿ ಇಳಿದೇಳುವ ನಮ್ಮ ಕುಟುಂಬಗಳಿಗೆ ಹೊಂದಲಿಲ್ಲ. 1972ರಲ್ಲಿ ಬಂದ ಅದರ ಉತ್ತರಾಧಿಕಾರಿ ‘ಗ್ಯಾಜೆಲ್’ ಕಾರಿನಲ್ಲಿ ಮದರಾಸಿನ ಎಂಜಿನಿಯರುಗಳು ಆ ಏರ್ಪಾಟನ್ನು ಕಿತ್ತುಹಾಕಿ, ಹಳೆಯ ಕಾಲದ ಗಟ್ಟಿ ಅಚ್ಚು ಮತ್ತು ಪಟ್ಟಿ ಸ್ಪ್ರಿಂಗುಗಳನ್ನು ಕೂರಿಸಿದರು. ತಂತ್ರಜ್ಞಾನ ಯಾವಾಗಲೂ ಮುಂದಕ್ಕೇ ಹೋಗುತ್ತದೆ ಎಂದು ನಂಬುವವರು ಈ ಉದಾಹರಣೆಯನ್ನು ಗಮನಿಸಬೇಕು. ಹಿಂದೆ ಹೋದದ್ದೇ ಇಲ್ಲಿ ವಿವೇಕ.

ಹಾಗೆಂದು ಎಲ್ಲವೂ ಸರಿಯಾಗಿತ್ತು ಎಂದು ಭಾವಿಸಬೇಡಿ. ಹೊಸ ಕಾರಿನ ಬಾಗಿಲು ಕೂಡದಿರುವುದು, ಮಳೆಗೆ ನೀರು ಒಳಗೆ ಬರುವುದು, ಬಣ್ಣ ಏಳುವುದು ಮಾಮೂಲು. ಹಾರನ್ ಒಂದನ್ನು ಬಿಟ್ಟು ಉಳಿದೆಲ್ಲವೂ ಸದ್ದು ಮಾಡುತ್ತವೆ ಎಂಬ ಹಾಸ್ಯ ಆಗ ದೇಶದ ತುಂಬ ಪ್ರಚಲಿತವಾಗಿತ್ತು. ದೂರುಗಳು ಎಷ್ಟು ಹೆಚ್ಚಿದವೆಂದರೆ 1960ರ ದಶಕದ ಉತ್ತರಾರ್ಧದಲ್ಲಿ ಭಾರತ ಸರ್ಕಾರ ಕಾರುಗಳ ಗುಣಮಟ್ಟವನ್ನು ಪರಿಶೀಲಿಸಲೆಂದೇ ಒಂದು ಸಮಿತಿ ನೇಮಿಸಬೇಕಾಯಿತು. ಕಾರು ಮಾಡುವವನಿಗೆ ಗಿರಾಕಿಯ ಭಯವಿಲ್ಲದಿದ್ದಾಗ ಗುಣಮಟ್ಟದ ಕಾವಲನ್ನು ಸಮಿತಿ ಕಾಯಬೇಕಾಗುತ್ತದೆ. ಸಮಿತಿ ಎಷ್ಟು ಕಾಯಬಲ್ಲದು ಎಂಬುದು ನಿಮ್ಮ ಊಹೆಗೆ ಬಿಟ್ಟದ್ದು.

ಕ್ಯೂನಲ್ಲಿ ನಿಂತ ಗಿರಾಕಿ

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಅಂಬಾಸಿಡರೋ ಫಿಯಟ್ಟೋ ಎಂದು ಜನ ವಾದಿಸುತ್ತಿದ್ದರು ನಿಜ. ಆದರೆ ವಾದ ಮುಗಿಸಿ ಅಂಗಡಿಗೆ ಹೋಗಿ ಕಾರು ತರುವಂತಿರಲಿಲ್ಲ. 1970ರ ದಶಕದ ಉದ್ದಕ್ಕೂ ಇಡೀ ದೇಶದಲ್ಲಿ ತಯಾರಾಗುತ್ತಿದ್ದ ಕಾರುಗಳ ಸಂಖ್ಯೆ ವರ್ಷಕ್ಕೆ 50,000ವನ್ನು ಮುಟ್ಟಲಿಲ್ಲ. ಹಣ ಕಟ್ಟಿ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕು. ಫಿಯಟ್ಟಿನ ಕ್ಯೂ ಎಲ್ಲಕ್ಕಿಂತ ಉದ್ದ. ಮಗ ಹೈಸ್ಕೂಲಿಗೆ ಸೇರಿದಾಗ ಕಟ್ಟಿದ ಹಣಕ್ಕೆ ಅವನು ಡಿಗ್ರಿ ಮುಗಿಸುವ ಹೊತ್ತಿಗೆ ಕಾರು ಬಂತೆಂದು ಜನ ಹೇಳಿಕೊಳ್ಳುತ್ತಿದ್ದುದು ಅಷ್ಟೇನೂ ಉತ್ಪ್ರೇಕ್ಷೆಯಲ್ಲ.

ಬೆಲೆಯನ್ನೂ ಸರ್ಕಾರ 1969ರಲ್ಲಿ ಕಾನೂನಿನ ಮೂಲಕ ನಿಗದಿ ಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವು. ಬೆಲೆ ಕಡಿಮೆ, ಬೇಡಿಕೆ ಹೆಚ್ಚು, ಸರಬರಾಜು ಅಲ್ಪ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಮುಂದೇನಾಗುತ್ತದೆ ಎಂದು ಹೇಳಬಲ್ಲರು. ಕ್ಯೂನಲ್ಲಿ ಪಡೆದ ಹೊಸ ಕಾರನ್ನು ಕೆಲಕಾಲ ಓಡಿಸಿ, ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರುವುದು ಸಾಧ್ಯವಾಯಿತು. ಹೀಗೆ ನಮ್ಮ ಮೂರು ಅಳತೆಗೋಲುಗಳ ಜೊತೆಗೆ ನಾಲ್ಕನೆಯದೊಂದು ಬಂದು ಸೇರಿತು: ಮಾರಿದರೆ ಎಷ್ಟು ಬರುತ್ತದೆ? ಎಷ್ಟೋ ಸಲ ಮೊದಲಿನ ಮೂರನ್ನೂ ಇದೇ ನುಂಗಿಹಾಕುತ್ತಿತ್ತು. ಅತ್ತ ಅಂಬಾಸಿಡರಿಗೆ ಸರ್ಕಾರವೇ ದೊಡ್ಡ ಗಿರಾಕಿ. ಮಂತ್ರಿಗಳ, ಜಿಲ್ಲಾಧಿಕಾರಿಗಳ ಬಿಳಿಯ ಕಾರುಗಳ ಸಾಲು ನಿಮಗೆ ನೆನಪಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ.

ಲೀಟರಿನ ಲೆಕ್ಕ

ಪೆಟ್ರೋಲಿನ ಮಾತಿಗೆ ಬರುವ ಮೊದಲು ಒಂದು ಪದದ ಕುತೂಹಲ. ಕಿಲೋಮೀಟರುಗಳಲ್ಲಿ ಅಳೆದು, ಲೀಟರುಗಳಲ್ಲಿ ತುಂಬಿಸುವ ನಾವು ಇಂದಿಗೂ ಕೇಳುವುದು ‘ಮೈಲೇಜ್ ಎಷ್ಟು?’ ಎಂದೇ. ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು ಲೆಕ್ಕ ಹಾಕುತ್ತಿದ್ದ ದಿನಗಳ ಪಳೆಯುಳಿಕೆ ಅದು. ಮೆಟ್ರಿಕ್ ಪದ್ಧತಿ ಬಂದು ಮೈಲಿಗಲ್ಲುಗಳು ಬದಲಾದರೂ ಮಾತು ಬದಲಾಗಲಿಲ್ಲ.

1973ರವರೆಗೆ ಕಾರಿದ್ದವರು ಪೆಟ್ರೋಲಿನ ಬಗ್ಗೆ ಅಷ್ಟಾಗಿ ತಲೆಕೆಡಿಸಿಕೊಂಡಿರಲಿಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧವಾಯಿತು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ 1974ರ ಆರಂಭಕ್ಕೆ 12 ಡಾಲರಿನ ಹತ್ತಿರ ಹೋಯಿತು. ಭಾರತದಲ್ಲಿ ಪೆಟ್ರೋಲಿನ ಬೆಲೆ ಒಮ್ಮೆಗೇ ಮೇಲೇರಿತು. ಅದನ್ನು ಪ್ರತಿಭಟಿಸಿ ಅಟಲ್ ಬಿಹಾರಿ ವಾಜಪೇಯಿಯವರು 1973ರ ನವೆಂಬರಿನಲ್ಲಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದದ್ದು ಆ ದಿನಗಳ ಪ್ರಸಿದ್ಧ ದೃಶ್ಯ. ಕಾರು ಶೆಡ್ಡಿನಲ್ಲಿ ನಿಂತಿತು. ಮಾಲೀಕರು ಬಸ್ಸು ಹತ್ತಿದರು.

ಆಗ ಅಂಬಾಸಿಡರಿನ ಮೇಲೆ ಕಣ್ಣು ಬಿತ್ತು. ಲೀಟರಿಗೆ ಒಂಬತ್ತು ಹತ್ತು ಕಿ.ಮೀ. ಕೊಟ್ಟರೆ ಅದೇ ಹೆಚ್ಚು. ಫಿಯಟ್ ಹನ್ನೆರಡು ಹದಿಮೂರು ಕೊಡುತ್ತದೆ ಎಂದು ಅದರ ಮಾಲೀಕರು ಹೆಮ್ಮೆಪಡುತ್ತಿದ್ದರು. ವರ್ಷಕ್ಕೆ 10,000 ಕಿ.ಮೀ. ಓಡಿಸುವ ಮನೆಯಲ್ಲಿ ಲೀಟರಿಗೆ ಹತ್ತು ಕಿ.ಮೀ. ಕಾರಿಗೆ 1000 ಲೀಟರ್ ಬೇಕು. ಹದಿಮೂರರ ಕಾರಿಗೆ ಸುಮಾರು 770 ಲೀಟರ್ ಸಾಕು. ಉಳಿತಾಯ ಸಣ್ಣದಲ್ಲ.

ಆದರೆ ಹೋಲಿಕೆ ಮಾಡುವಾಗ ಎರಡು ಎಚ್ಚರಿಕೆ ಬೇಕು. ಮೊದಲನೆಯದು ಗಣಿತದ್ದು. ಲೀಟರಿಗೆ 9ರಿಂದ 12 ಕಿ.ಮೀ.ಗೆ ಏರಿದರೂ 15ರಿಂದ 18ಕ್ಕೆ ಏರಿದರೂ ಹೆಚ್ಚಳ ಮೂರೇ ಎಂದು ತೋರುತ್ತದೆ. 100 ಕಿ.ಮೀ. ಪ್ರಯಾಣಕ್ಕೆ ಎಷ್ಟು ಪೆಟ್ರೋಲ್ ಎಂದು ಭಾಗಿಸಿ ನೋಡಿ. ಮೊದಲನೆಯದರಲ್ಲಿ ಉಳಿಯುವುದು ಸುಮಾರು 2.8 ಲೀಟರ್, ಎರಡನೆಯದರಲ್ಲಿ ಸುಮಾರು 1.1 ಲೀಟರ್ ಮಾತ್ರ. ಹೆಚ್ಚು ಕುಡಿಯುವ ಕಾರನ್ನು ಸ್ವಲ್ಪ ಸುಧಾರಿಸಿದರೂ ಲಾಭ ದೊಡ್ಡದು. ಎರಡನೆಯದು, ಕಾರಿನಲ್ಲಿ ಎಷ್ಟು ಜನ ಇದ್ದಾರೆ ಎಂಬುದು. ಏಳು ಜನರನ್ನು ಕೂರಿಸಿಕೊಂಡು ಲೀಟರಿಗೆ 9 ಕಿ.ಮೀ. ಹೋಗುವ ಅಂಬಾಸಿಡರ್, ನಾಲ್ಕು ಜನರೊಡನೆ 12 ಕಿ.ಮೀ. ಹೋಗುವ ಫಿಯಟ್ಟಿಗಿಂತ ವಾಸ್ತವದಲ್ಲಿ ಮಿತವ್ಯಯಿ. ಅಜ್ಜಿ, ಅತ್ತೆ, ನಾಲ್ಕು ಮಕ್ಕಳ ಅವಿಭಕ್ತ ಕುಟುಂಬಕ್ಕೆ ಒಂದು ಉತ್ತರ. ಬ್ಯಾಂಕಿನ ಅಧಿಕಾರಿ, ಹೆಂಡತಿ, ಇಬ್ಬರು ಮಕ್ಕಳ ಸಂಸಾರಕ್ಕೆ ಇನ್ನೊಂದು. ಕಾರಿನ ಇತಿಹಾಸದ ಹಿಂದೆ ಕುಟುಂಬದ ಇತಿಹಾಸವೂ ಓಡುತ್ತಿರುತ್ತದೆ.

ಅಂಬಾಸಿಡರನ್ನು ಪೆಟ್ರೋಲ್ ಬಿಕ್ಕಟ್ಟಿನಿಂದ ಪಾರುಮಾಡಿದ್ದು ಡೀಸೆಲ್. 1980ರ ಹೊತ್ತಿಗೆ ಅದರ ಡೀಸೆಲ್ ರೂಪ ರಸ್ತೆಗೆ ಬಂತು. ಗಡಗಡ ಸದ್ದು, ಕಪ್ಪು ಹೊಗೆ, ಏರಿನಲ್ಲಿ ಏದುಸಿರು. ಆದರೂ ಡೀಸೆಲ್ ಅಗ್ಗವಾಗಿದ್ದುದರಿಂದ ಟ್ಯಾಕ್ಸಿಯವರು ಅದನ್ನು ಅಪ್ಪಿಕೊಂಡರು.

ಓಡಿಸುವ ಸುಖ ಯಾರದು?

ಇದೊಂದು ವಿಷಯದಲ್ಲಿ ಮಾತ್ರ ಹೆರಾಲ್ಡ್ ನಿರ್ವಿವಾದವಾಗಿ ಮುಂದು. ಸುಮಾರು 25 ಅಡಿ ವ್ಯಾಸದ ವೃತ್ತದಲ್ಲಿ ಅದು ಪೂರ್ತಿ ತಿರುಗಿಬಿಡುತ್ತಿತ್ತು. ಇಕ್ಕಟ್ಟಾದ ಪೇಟೆಯ ಬೀದಿಯಲ್ಲಿ ಉಳಿದವರು ಹಿಂದೆ ಮುಂದೆ ಮಾಡಿ ಬೆವರುತ್ತಿದ್ದಾಗ ಹೆರಾಲ್ಡಿನವನು ಒಂದೇ ಸಲಕ್ಕೆ ತಿರುಗಿಸಿಕೊಂಡು ಹೋಗುತ್ತಿದ್ದ. ಗೇರು ಕೂಡ ನೆಲದ ಮೇಲೆ, ಕೈಗೆ ಎಟುಕುವಂತೆ. ಉಳಿದೆರಡರಲ್ಲಿ ಗೇರು ಸ್ಟಿಯರಿಂಗಿನ ಕಂಬದ ಮೇಲಿತ್ತು. ಫಿಯಟ್ಟಿನ ಗೇರಿನ ಲಯ ಕೈಗೆ ಹತ್ತಿದವರು ಅದನ್ನು ಬಿಟ್ಟುಕೊಡುತ್ತಿರಲಿಲ್ಲ. ಮದರಾಸಿನ ಬಳಿಯ ಶೋಲಾವರಂ ಹಳೆಯ ವಿಮಾನಪಟ್ಟಿಯಲ್ಲಿ 1950ರ ದಶಕದಿಂದ ನಡೆದ ಮೋಟಾರು ಪಂದ್ಯಗಳಲ್ಲಿ ಇದೇ ಮನೆಮಂದಿಯ ಫಿಯಟ್ಟುಗಳನ್ನು ಬಿಚ್ಚಿ, ತೂಕ ಇಳಿಸಿ, ಎಂಜಿನ್ ಹುರುಪುಗೊಳಿಸಿ ಓಡಿಸುತ್ತಿದ್ದರು.

ಅಂಬಾಸಿಡರಿನ ಸ್ಟಿಯರಿಂಗು ದೊಡ್ಡದು, ಬ್ರೇಕಿಗೆ ಕಾಲಿನ ಬಲ ಬೇಕು, ತಿರುವಿನಲ್ಲಿ ದೋಣಿಯಂತೆ ವಾಲುತ್ತದೆ. ಹಾಗಾದರೆ ಅದನ್ನು ಇಷ್ಟಪಟ್ಟವರು ಯಾರು? ಉತ್ತರ ಸರಳ: ಹಿಂದೆ ಕುಳಿತವರು. ಎತ್ತರದ ಆಸನ, ಕಾಲು ಚಾಚುವ ಜಾಗ, ರಸ್ತೆಯ ಗುಂಡಿಯನ್ನು ನುಂಗಿಕೊಳ್ಳುವ ಸ್ಪ್ರಿಂಗು. ಅದು ಚಾಲಕನನ್ನು ಇಟ್ಟುಕೊಂಡವರ ಕಾರು. ಫಿಯಟ್ ತಾನೇ ಓಡಿಸುವವನ ಕಾರು. ಮಹಿಳೆಯರು ಕಾರು ಕಲಿಯತೊಡಗಿದಾಗಲೂ ಹೆಚ್ಚಿನವರು ಹಿಡಿದದ್ದು ಹಗುರವಾದ ಫಿಯಟ್ಟಿನ ಚಕ್ರವನ್ನೇ. ಓಡಿಸುವ ಸುಖ ಎಂಬ ಮಾತಿಗೆ ಬೆಲೆ ಬರಬೇಕಾದರೆ ಮಾಲೀಕನೇ ಮುಂದಿನ ಸೀಟಿಗೆ ಬರಬೇಕು. ಚಾಲಕನ ಸುಖದುಃಖವನ್ನು ಕೇಳಿ ಕಾರು ಕೊಂಡ ಮಾಲೀಕರು ಎಷ್ಟು ಜನ ಇದ್ದರೋ!

ಬಾಗಿಲು ತೆರೆದ ಮೇಲೆ

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಸಣ್ಣ ಕಾರು. ನಮ್ಮ ಹೋಲಿಕೆಯ ಗುಂಪಿಗೆ ಸೇರಿದ್ದಲ್ಲ. ಆದರೆ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಎದ್ದು ಹೊರಡುವ ಕಾರು ಹೇಗಿರುತ್ತದೆ ಎಂಬುದನ್ನು ಅದು ಜನಕ್ಕೆ ತೋರಿಸಿಕೊಟ್ಟಿತು. ಹಳೆಯ ಮೂರು ಕಂಪನಿಗಳೂ ದೊಡ್ಡ ಕಾರುಗಳಿಂದ ಉತ್ತರ ಕೊಡಲು ಹೊರಟವು. ಹಿಂದೂಸ್ಥಾನಿನ ಕಾಂಟೆಸ್ಸಾ 1984ರಲ್ಲಿ ಬಂತು: ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಮೈ, ಒಳಗೆ ಅಂಬಾಸಿಡರಿನ ಅದೇ 1489 ಸಿ.ಸಿ. ಎಂಜಿನ್. ಆಮೇಲೆ ಜಪಾನಿನ ಇಸುಜು ಎಂಜಿನ್ ಹಾಕಿದ ಮೇಲಷ್ಟೇ ಅದಕ್ಕೆ ಜೀವ ಬಂತು. ಪ್ರೀಮಿಯರಿನ 118 ಎನ್.ಇ. ಕಾರಿಗೆ ಫಿಯಟ್ 124ರ ಹಳೆಯ ಮೈ, ನಿಸ್ಸಾನಿನ 1171 ಸಿ.ಸಿ. ಎಂಜಿನ್. ಮೂರರಲ್ಲಿ ಹೆಚ್ಚು ಸಮತೂಕದ್ದು ಅದೇ ಎಂಬುದು ನನ್ನ ಅಭಿಪ್ರಾಯ. ಮದರಾಸಿನವರು 1985ರಲ್ಲಿ ಎಲ್ಲರಿಗಿಂತ ಅಂದವಾದ ಕಾರನ್ನು ತಂದರು. ‘ಸ್ಟ್ಯಾಂಡರ್ಡ್ 2000’ ಇಂಗ್ಲೆಂಡಿನ ರೋವರ್ ಕಾರಿನ ದೇಹ ಹೊತ್ತಿತ್ತು. ಆದರೆ ಎಂಜಿನ್ನಿನ ವಂಶ 1940ರ ದಶಕದ ವ್ಯಾನ್‌ಗಾರ್ಡ್ ಕಾರಿನದು. ನೋಡಲು ರಾಜಕುಮಾರ, ಓಟದಲ್ಲಿ ಮುದುಕ, ಪೆಟ್ರೋಲಿನ ಹಸಿವಿನಲ್ಲಿ ಬಕಾಸುರ. 1988ಕ್ಕೆ ಅದರ ಕಥೆ ಮುಗಿಯಿತು. ಹೋಲಿಸಲು ಬೇರೆ ಕಾರು ಇಲ್ಲದಿದ್ದಾಗ ಹೆರಾಲ್ಡ್ ಬದುಕಿತ್ತು. ಹೋಲಿಕೆ ಸಾಧ್ಯವಾದ ಮೇಲೆ ಅಂದವೊಂದರಿಂದಲೇ ಬದುಕಲಾಗಲಿಲ್ಲ.

ಮಾರುತಿ 1000 ಕಾರು 1990ರಲ್ಲಿ ಬಂತು. 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ತೆಗೆದುಹಾಕಲಾಯಿತು. ಮುಂದಿನ ಐದಾರು ವರ್ಷಗಳಲ್ಲಿ ಎಸ್ಟೀಮ್, ಸಿಯೆಲೊ, ಆಸ್ಟ್ರಾ, ಎಸ್ಕಾರ್ಟ್, ಹೋಂಡಾ ಸಿಟಿ, ಲ್ಯಾನ್ಸರ್, ಆಕ್ಸೆಂಟ್ ಒಂದರ ಹಿಂದೆ ಒಂದು ಬಂದವು. ಪತ್ರಿಕೆಗಳು ಎರಡು ಮೂರು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ, ವೇಗ, ಬ್ರೇಕು, ಲೀಟರಿನ ಲೆಕ್ಕ ಎಲ್ಲವನ್ನೂ ಅಳೆದು ಪಟ್ಟಿ ಕೊಡತೊಡಗಿದವು. ಓದುಗ ಆ ಪಟ್ಟಿ ನೋಡಿ ನಿಜವಾಗಿಯೂ ಆರಿಸಬಹುದಾದ ಕಾಲ ಅದು. ವಿಶ್ವೇಶ್ವರಯ್ಯನವರ ಯೋಜನೆಯ ಕಾಲದಲ್ಲಿ ಮೈಸೂರು ಸೀಮೆಗೆ ಬಾರದೆ ಹೋದ ಕಾರು ಕಾರ್ಖಾನೆಯೂ ಆಗ ಬಂತು. ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ 1997ರಲ್ಲಿ ಸ್ಥಾಪನೆಯಾಗಿ, ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿಂದ 2003ರಲ್ಲಿ ಕೊರೊಲಾ ಬಂತು. 2013ರಲ್ಲಿ ಪೆಟ್ರೋಲ್ ಮತ್ತು ವಿದ್ಯುತ್ ಎರಡರಿಂದಲೂ ಓಡುವ ಕ್ಯಾಮ್ರಿ ಅಲ್ಲೇ ಜೋಡಣೆಯಾಯಿತು.

ನಂಬಿಕೆಯ ಅರ್ಥ ಮಗುಚಿಕೊಂಡದ್ದು ಈ ಹೊತ್ತಿನಲ್ಲೇ. ಹೊಗೆಯ ನಿಯಮಗಳು 1995ರಿಂದ, ಮುಖ್ಯವಾಗಿ 1999–2000ದಲ್ಲಿ ಬಿಗಿಯಾದಾಗ ಕಾರ್ಬುರೇಟರ್ ಮರೆಯಾಗಿ, ಗಣಕದ ಹತೋಟಿಯಲ್ಲಿ ಪೆಟ್ರೋಲ್ ಸಿಂಪಡಿಸುವ ಏರ್ಪಾಟು ಬಂತು. ಪಂಪು ಎಂಜಿನ್ನಿನ ಪಕ್ಕದಿಂದ ಟ್ಯಾಂಕಿನೊಳಕ್ಕೆ ಹೋಯಿತು. ಅದು ಪೆಟ್ರೋಲನ್ನು ಹೀರುವುದಿಲ್ಲ, ಒತ್ತಡದಿಂದ ತಳ್ಳುತ್ತದೆ. ಘಾಟಿಯಲ್ಲಿ ಒದ್ದೆ ಬಟ್ಟೆ ಸುತ್ತುವ ವಿದ್ಯೆ ಒಂದೇ ತಲೆಮಾರಿನಲ್ಲಿ ನಿರುಪಯೋಗಿಯಾಯಿತು. ಕಾಂಟ್ಯಾಕ್ಟ್ ಪಾಯಿಂಟು, ಚೋಕು, ಹ್ಯಾಂಡಲು ಎಲ್ಲವೂ ಹೋದವು. ಗಿರಾಕಿಗೆ ಇದರಿಂದ ಆದ ಲಾಭ ಅಪಾರ. ರಾತ್ರಿ ಹೆರಿಗೆ ನೋವು ಬಂದ ಮನೆಯಲ್ಲಿ ಕಾರು ಏಳುತ್ತದೋ ಇಲ್ಲವೋ ಎಂದು ಎದೆ ಬಡಿದುಕೊಂಡವರಿಗೆ ಈ ಲಾಭದ ಬೆಲೆ ಗೊತ್ತು. ನಷ್ಟವಾದದ್ದು ಊರಿನ ಮೇಸ್ತ್ರಿಗೆ. ಎಂಜಿನ್ನಿನ ಸದ್ದಿನಿಂದಲೇ ಯಾವ ವಾಲ್ವು ಸಡಿಲ ಎಂದು ಹೇಳುತ್ತಿದ್ದ ಅವನ ಮುಂದೆ ಈಗ ಮುಚ್ಚಿದ ಪೆಟ್ಟಿಗೆಯೊಂದು ಇತ್ತು. ಅದನ್ನು ಓದಲು ಬೇಕಾದ ಯಂತ್ರ ಕಂಪನಿಯ ಸರ್ವಿಸ್ ಸ್ಟೇಷನ್ನಿನಲ್ಲಿ ಮಾತ್ರ ಇತ್ತು. ಕೆಲವರು ಮಕ್ಕಳನ್ನು ಐ.ಟಿ.ಐ.ಗೆ ಕಳಿಸಿ ಆ ವಿದ್ಯೆ ಕಲಿಸಿದರು, ಕೆಲವರು ಗ್ಯಾರೇಜು ಮುಚ್ಚಿದರು.

ಪದ್ಮಿನಿಯ ತಯಾರಿಕೆ 2000ದ ಆಸುಪಾಸಿನಲ್ಲಿ ನಿಂತಿತು. ಉತ್ತರಪಾಡಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆಯನ್ನು ನಿಲ್ಲಿಸಿತು; 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪ್ಯೂಜೊ ಸಮೂಹಕ್ಕೆ 80 ಕೋಟಿ ರೂಪಾಯಿಗೆ ಮಾರಿದರು. ಮುಂಬಯಿಯ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಯವರೆಗೂ ಬಾಡಿಗೆಗೆ ಓಡಿದವು. ಅವನ್ನು ರಸ್ತೆಯಿಂದ ತೆಗೆದದ್ದು ಎಂಜಿನ್ ಕೆಟ್ಟದ್ದರಿಂದಲ್ಲ. ಟ್ಯಾಕ್ಸಿಗೆ 20 ವರ್ಷ ಮೀರಬಾರದೆಂಬ ನಿಯಮವಿತ್ತು. ಕೊನೆಯದಾಗಿ ನೋಂದಣಿಯಾದ ಪದ್ಮಿನಿಗೆ ಆ ತಿಂಗಳು 20 ತುಂಬಿತ್ತು.